ಶಾಸನಶಿಲೆಯೂ ಕಲ್ಲುಹೂವೂ

ತೇರದಾಳದಲ್ಲಿ ಮಾಂಡಲಿಕ ಗೊಂಕನು ನೇಮಿನಾಥ ಜಿನಾಲಯವನ್ನು ಕಟ್ಟಿಸಿ, ಕ್ರಿ.ಶ. 1123ರಲ್ಲಿ ರಟ್ಟ ಕಾರ್ತವೀರ್ಯನ ಸಮ್ಮುಖದಲ್ಲಿ ದತ್ತಿಯಿತ್ತ ಸಂಗತಿಯು ಶಿಲಾಶಾಸನದಿಂದ ವಿದಿತವಾಗಿದೆ. ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರ ಹೆಸರೂ ಅದರಲ್ಲುಂಟು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಬಿರುಬಿಸಿಲಿನಲ್ಲಿಯೂ ಬಯಲಿನ ಕಲ್ಲುಗಳ ಮೇಲೆ ಬೂದು, ಹಳದಿ ಬಣ್ಣದ ಮಚ್ಚೆಗಳು ಹಬ್ಬುತ್ತವೆ. ಸುಣ್ಣದ ಕಲೆಯಂತೆ ತೋರುವ ಇದು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುವೇ! ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವವು ಬೇಸಗೆಯಲ್ಲಿ ಒಣಗಿ ಸುಪ್ತವಾಗಿದ್ದು, ಮಳೆ ಇಬ್ಬನಿಗಳಿಂದ ಮತ್ತೆ ಚೇತರಿಸುತ್ತದೆ. ಅದರ ಎಳೆಗಳು ಶಿಲೆಯ ಕಣಗಳ ನಡುವೆ ಇಳಿಯುತ್ತವೆ. ಅದು ಸ್ರವಿಸುವ ಆಮ್ಲವು ಕಲ್ಲನ್ನು ಮೆಲ್ಲನೆ ಸಡಿಲಿಸುತ್ತದೆ.

ಆದರೆ ಉತ್ಸವದ ಸಂಭ್ರಮದಲ್ಲಿ ಆಸಿಡ್ ಸುರಿದು, ತಂತಿಯ ಬ್ರಷ್ಶಿನಿಂದ ಉಜ್ಜಿದರೆ ಕಲ್ಲುಹೂವಿನೊಡನೆ ಅಕ್ಷರದ ಅಂಚೂ ಒಂದೇ ದಿನದಲ್ಲಿ ಉದುರುವುದು. ಪುರಾತತ್ತ್ವ ಇಲಾಖೆಯ ತಜ್ಞರು ನೋಡುವವರೆಗೆ ಶಾಸನಶಿಲೆಯನ್ನು ಮುಟ್ಟದಿರುವುದೇ ಲೇಸು.