ಸಿಎ-125: ರಿಪೋರ್ಟಿನ ಆ ಸಂಖ್ಯೆಯ ಹಿಂದಿನ ಕಥೆ

ರಕ್ತದ ರಿಪೋರ್ಟಿನಲ್ಲಿ 'ಸಿಎ-125' ಜಾಸ್ತಿ ಇದೆ ಎಂದ ಕೂಡಲೇ ಮನೆಮಂದಿಯೆಲ್ಲ ಕಂಗಾಲಾಗುವುದನ್ನು ನಾವು ನೋಡಿದ್ದೇವೆ. ಈ ಪರೀಕ್ಷೆ ಹುಟ್ಟಿದ ಕಥೆ ಗೊತ್ತಿದ್ದರೆ ಭಯ ಸ್ವಲ್ಪ ಕಡಿಮೆಯಾದೀತು.

1981ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ರಾಬರ್ಟ್ ಬಾಸ್ಟ್ ತಂಡ ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಗುರುತಿಸುವ ಪ್ರತಿಕಾಯ ಹುಡುಕುತ್ತಿತ್ತು. ಒಂದೊಂದನ್ನೇ ಪರೀಕ್ಷಿಸುತ್ತ ಹೋದಾಗ 125ನೆಯದು ಕೈಹಿಡಿಯಿತು. ಹೆಸರಿನಲ್ಲಿರುವ 125 ಅದೇ.

1983ರಲ್ಲಿ ರಕ್ತಪರೀಕ್ಷೆ ಸಿದ್ಧವಾಯಿತು. ಒಂದು ಮಿಲಿಲೀಟರಿಗೆ 35 ಯೂನಿಟ್ ಗಡಿ ಎಂದಾಯಿತು. ಕಾಯಿಲೆ ಇದ್ದ 101 ಮಂದಿಯಲ್ಲಿ ಶೇ 82ರಷ್ಟು ಜನರಿಗೆ, ಆರೋಗ್ಯವಂತರಲ್ಲಿ ಶೇ 1ರಷ್ಟು ಜನರಿಗೆ ಅದು ಗಡಿ ದಾಟಿತ್ತು.

ಆಮೇಲೆ ಇದರ ಮಿತಿಯೂ ತಿಳಿಯಿತು. ಮುಟ್ಟು, ಬಸಿರು, ಗರ್ಭಕೋಶದ ಗಡ್ಡೆ, ಹೊಟ್ಟೆಯ ಟಿಬಿ ಇದ್ದರೂ ಸಂಖ್ಯೆ ಏರಬಹುದು. ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಲಕ್ಷಣವಿಲ್ಲದವರಿಗೆ ವರ್ಷವರ್ಷ ತಪಾಸಣೆ ಮಾಡಿದರೂ ಈ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ.

ಹಾಗಾಗಿ ಸಂಖ್ಯೆ ಹೆಚ್ಚಿದ್ದರೆ ಎದೆಗುಂದಬೇಡಿ, ಸ್ಕ್ಯಾನಿಂಗ್ ಮಾಡಿಸಿ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ವಾರಗಟ್ಟಲೆ ಹೋಗದಿದ್ದರೆ, ಸಂಖ್ಯೆ ಕಡಿಮೆ ಇದ್ದರೂ 'ಗ್ಯಾಸು' ಎಂದು ಸುಮ್ಮನಾಗಬೇಡಿ. ಅಮ್ಮನನ್ನೋ ಅಕ್ಕನನ್ನೋ ಡಾಕ್ಟರ ಬಳಿ ಕರೆದೊಯ್ಯಿರಿ.