ಹೆದ್ದಾರಿಯಲ್ಲಿ ವಾಹನ ಶೋಧನೆಯ ಅಧಿಕಾರ: ಅಮೆರಿಕದ ಒಂದು ನ್ಯಾಯಸೂತ್ರದ ಚಾರಿತ್ರಿಕ ಮೂಲ

ಸಂಚಾರದ ನಿಯಮವನ್ನು ಮೀರಿದನೆಂದು ಹೆದ್ದಾರಿಯಲ್ಲಿ ಒಬ್ಬನ ಗಾಡಿಯನ್ನು ಪೊಲೀಸರು ತಡೆದು ನಿಲ್ಲಿಸಿದ್ದಾರೆ. ಅಷ್ಟರಿಂದಲೇ ಆ ಗಾಡಿಯ ಒಳಗನ್ನು ಶೋಧಿಸುವ ಅಧಿಕಾರ ಅವರಿಗೆ ದೊರೆಯುತ್ತದೆಯೆ? ಅಮೆರಿಕ ಸಂಯುಕ್ತ ಸಂಸ್ಥಾನಗಳ ನ್ಯಾಯಾಲಯಗಳನ್ನು ಒಂದು ಶತಮಾನದಿಂದ ಈ ಪ್ರಶ್ನೆ ಕಾಡಿದೆ. ವಾಹನ ಶೋಧನೆಯ ಸೂತ್ರವು ಮೋಟಾರು ಗಾಡಿಯೊಡನೆ ಹುಟ್ಟಿದ ಹೊಸ ಸೂತ್ರವೆಂದೂ, ವೇಗದ ಯುಗದ ಅನಿವಾರ್ಯತೆಯೇ ಅದಕ್ಕೆ ಕಾರಣವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಅಭಿಪ್ರಾಯವು ಅರ್ಧ ಮಾತ್ರ ಸತ್ಯವೆಂದು ನಮ್ಮ ಭಾವನೆ. ಸೂತ್ರದ ಬೇರು ಹೆದ್ದಾರಿಯಲ್ಲಿಲ್ಲ, ಬಂದರುಕಟ್ಟೆಯಲ್ಲಿದೆ. ಗಾಡಿಗಾಗಿ ಅಲ್ಲ, ಹಡಗಿಗಾಗಿ ಅದು ಮೊದಲು ರೂಪುಗೊಂಡಿತು. ಈ ಮೂಲವನ್ನು ಗುರುತಿಸಿ, ಅದರಿಂದ ಇಂದಿನ ಸ್ಥಿತಿಯ ಮೇಲೆ ಎಷ್ಟು ಬೆಳಕು ಬೀಳುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶೋಧನೆಯ ವಿಷಯದಲ್ಲಿ ಅಮೆರಿಕನ್ನರ ಸಂವೇದನೆ ವಸಾಹತು ಕಾಲದ ಸುಂಕದ ಆಡಳಿತದಿಂದ ಬಂದುದು. ಬ್ರಿಟಿಷ್ ಸರ್ಕಾರದ ಸುಂಕಾಧಿಕಾರಿಗಳು ‘ಸಹಾಯದ ಆಜ್ಞಾಪತ್ರ’ಗಳೆಂಬ ಸಾರ್ವತ್ರಿಕ ಅಧಿಕಾರಪತ್ರಗಳನ್ನು ಹಿಡಿದು, ಕಳ್ಳಸಾಗಣೆಯ ಸರಕನ್ನು ಅರಸುತ್ತ ವರ್ತಕರ ಮನೆ ಮಳಿಗೆಗಳನ್ನು ಹೊಗುತ್ತಿದ್ದರು. ಯಾರ ಮನೆ, ಯಾವ ಸರಕು, ಏನು ಕಾರಣ ಎಂಬುದನ್ನು ಪತ್ರದಲ್ಲಿ ಹೇಳಬೇಕಾಗಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆಯ ಅರ್ಥ ಬಾಸ್ಟನ್ನಿನ ವರ್ತಕರಿಗೆ ಅನುಭವದಿಂದಲೇ ತಿಳಿದಿತ್ತು. 1761ರ ಫೆಬ್ರವರಿಯಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲನು ಈ ಪತ್ರಗಳ ವಿರುದ್ಧ ಬಾಸ್ಟನ್ನಿನ ನ್ಯಾಯಾಲಯದಲ್ಲಿ ದೀರ್ಘವಾಗಿ ವಾದಿಸಿದನು. ವಾದದಲ್ಲಿ ಅವನು ಸೋತನು. ಆದರೆ ಅದನ್ನು ಕೇಳುತ್ತ ಕುಳಿತಿದ್ದ ತರುಣ ಜಾನ್ ಆಡಮ್ಸ್, ಮುಂದೆ ರಾಷ್ಟ್ರದ ಎರಡನೆಯ ಅಧ್ಯಕ್ಷನಾದವನು, ಸ್ವಾತಂತ್ರ್ಯದ ಶಿಶು ಜನಿಸಿದುದು ಅಂದು ಅಲ್ಲಿಯೇ ಎಂದು ತನ್ನ ಮುಪ್ಪಿನಲ್ಲಿ ನೆನಪಿಸಿಕೊಂಡನು. ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಹಿಂದೆ ಇರುವುದು ಈ ನೆನಪೇ. ವ್ಯಕ್ತಿ, ಮನೆ, ಕಾಗದಪತ್ರ ಮತ್ತು ಸೊತ್ತುಗಳನ್ನು ಅಕಾರಣವಾದ ಶೋಧನೆಯಿಂದ ರಕ್ಷಿಸುವ ಈ ತಿದ್ದುಪಡಿಯು 1791ರ ಡಿಸೆಂಬರ್ 15ರಂದು ಅಂಗೀಕಾರವನ್ನು ಪಡೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಜ್ಞಾಪತ್ರಗಳ ಅಗತ್ಯವಿದ್ದುದು ಮುಖ್ಯವಾಗಿ ಭೂಮಿಯ ಮೇಲಿನ ಮನೆ, ಅಂಗಡಿ, ನೆಲಮಾಳಿಗೆಗಳನ್ನು ಹೊಗುವುದಕ್ಕೆ. ಹಡಗನ್ನು ಹತ್ತಿ ಪರೀಕ್ಷಿಸುವ ಅಧಿಕಾರ ಸುಂಕದವರಿಗೆ ಹುದ್ದೆಯ ಬಲದಿಂದಲೇ ಇತ್ತು. ಜನರು ಅದನ್ನು ಸಂತೋಷದಿಂದ ಒಪ್ಪಿಕೊಂಡಿದ್ದರೆಂದು ಹೇಳಲಾಗದು. 1768ರಲ್ಲಿ ಜಾನ್ ಹ್ಯಾನ್‌ಕಾಕನ ‘ಲಿಬರ್ಟಿ’ ಎಂಬ ನೌಕೆಯನ್ನು ಸುಂಕದವರು ಹಿಡಿದಾಗ ಬಾಸ್ಟನ್ನಿನಲ್ಲಿ ದೊಡ್ಡ ಗಲಭೆಯೇ ಆಯಿತು. ಆದರೂ ಸ್ವತಂತ್ರ ರಾಷ್ಟ್ರದ ಮೊದಲ ಶಾಸನಸಭೆಯು ತನ್ನದೇ ಸುಂಕದ ಕಾಯಿದೆಯನ್ನು ರಚಿಸಿದಾಗ ಹಳೆಯ ಭೇದವನ್ನೇ ಉಳಿಸಿಕೊಂಡಿತು. 1789ರ ಜುಲೈ 31ರ ಆ ಕಾಯಿದೆಯ ಪ್ರಕಾರ, ಸುಂಕ ತೆರದ ಸರಕು ಅಡಗಿದೆಯೆಂದು ಶಂಕಿಸಲು ಕಾರಣವಿದ್ದರೆ ಅಧಿಕಾರಿಯು ಯಾವ ಹಡಗನ್ನಾದರೂ ಹೊಕ್ಕು ಶೋಧಿಸಬಹುದು. ಮನೆಯನ್ನೋ ಉಗ್ರಾಣವನ್ನೋ ಶೋಧಿಸಬೇಕಾದರೆ ಮಾತ್ರ ನ್ಯಾಯಾಧಿಕಾರಿಯ ಮುಂದೆ ಪ್ರಮಾಣ ಮಾಡಿ ವಾರಂಟು ಪಡೆಯಬೇಕು. ಇದೇ ಶಾಸನಸಭೆಯು ಎರಡು ತಿಂಗಳೊಳಗೆ, ಅದೇ ಸೆಪ್ಟೆಂಬರಿನಲ್ಲಿ, ನಾಲ್ಕನೆಯ ತಿದ್ದುಪಡಿಯನ್ನು ರಾಜ್ಯಗಳ ಒಪ್ಪಿಗೆಗೆ ಕಳುಹಿಸಿತು. ಮನೆ ನಿಂತಲ್ಲಿಯೇ ನಿಂತಿರುತ್ತದೆ. ಹಡಗು ವಾರಂಟು ಬರುವಷ್ಟರಲ್ಲಿ ಹಾಯಿ ಬಿಚ್ಚಿರುತ್ತದೆ. ಭೇದದ ಆಧಾರ ಇಷ್ಟೆ.

ನೂರಮೂವತ್ತು ವರ್ಷಗಳ ತರುವಾಯ ಈ ಭೇದವು ಅನಿರೀಕ್ಷಿತವಾದ ರೀತಿಯಲ್ಲಿ ನೆಲಕ್ಕೆ ಇಳಿಯಿತು. 1920ರ ಜನವರಿಯಲ್ಲಿ ರಾಷ್ಟ್ರಾದ್ಯಂತ ಪಾನನಿರೋಧ ಜಾರಿಗೆ ಬಂದಾಗ ಅಮೆರಿಕದಲ್ಲಿ 90 ಲಕ್ಷಕ್ಕೂ ಹೆಚ್ಚು ಮೋಟಾರು ವಾಹನಗಳಿದ್ದವು. 1925ರ ಹೊತ್ತಿಗೆ ಅವು 2 ಕೋಟಿಯಷ್ಟಾದವು. ಡೆಟ್ರಾಯಿಟ್ ನಗರದಿಂದ ನದಿಯ ಆಚೆ ದಡವೇ ಕೆನಡ. ಅಲ್ಲಿಂದ ದಾಟಿಬಂದ ಮದ್ಯವು ಮೋಟಾರುಗಳಲ್ಲಿ ಒಳನಾಡಿಗೆ ಹರಿಯುತ್ತಿತ್ತು. ಹಡಗು ಮಾಡುತ್ತಿದ್ದ ಕೆಲಸವನ್ನು ಈಗ ಗಾಡಿ ಮಾಡತೊಡಗಿತ್ತು.

ಈ ಹಿನ್ನೆಲೆಯಲ್ಲಿ ನಡೆದುದೇ ಕ್ಯಾರೊಲ್ ಪ್ರಕರಣ. 1921ರ ಸೆಪ್ಟೆಂಬರಿನಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಪಾನನಿರೋಧದ ಅಧಿಕಾರಿಗಳು ಕೊಳ್ಳುವವರಂತೆ ನಟಿಸಿ ಜಾರ್ಜ್ ಕ್ಯಾರೊಲ್ ಮತ್ತು ಅವನ ಸಂಗಡಿಗರೊಡನೆ ವಿಸ್ಕಿಯ ವ್ಯಾಪಾರ ಕುದುರಿಸಿದರು. ಮಾಲು ಮಾತ್ರ ಬರಲಿಲ್ಲ. ಅಕ್ಟೋಬರಿನಲ್ಲಿ ಅದೇ ಗಾಡಿ ಡೆಟ್ರಾಯಿಟ್ಟಿನತ್ತ ಹೋಗುತ್ತಿದ್ದುದನ್ನು ಕಂಡು ಬೆನ್ನಟ್ಟಿದರು, ಗಾಡಿ ಕಣ್ಮರೆಯಾಯಿತು. ಡಿಸೆಂಬರ್ 15ರಂದು, ಅಂದರೆ ನಾಲ್ಕನೆಯ ತಿದ್ದುಪಡಿಗೆ ಸರಿಯಾಗಿ 130 ವರ್ಷ ತುಂಬಿದ ದಿನ, ದಾರಿಯ ಗಸ್ತಿನಲ್ಲಿದ್ದ ಅವರಿಗೆ ಆ ಗಾಡಿ ಡೆಟ್ರಾಯಿಟ್ಟಿನ ಕಡೆಯಿಂದ ಎದುರಾಯಿತು. ಅಂದು ಅದು ಬರುವುದೆಂಬ ಸುಳಿವು ಅವರಿಗಿರಲಿಲ್ಲ. ಹಿಂದಿರುಗಿ ಅಟ್ಟಿಸಿಕೊಂಡು ಹೋಗಿ ತಡೆದರು. ಮೇಲುನೋಟಕ್ಕೆ ಏನೂ ಕಾಣಲಿಲ್ಲ. ಆಸನದ ಒರಗುಮೆತ್ತೆಯನ್ನು ಹರಿದಾಗ ಅದರೊಳಗೆ ವಿಸ್ಕಿ ಮತ್ತು ಜಿನ್ನಿನ 68 ಬಾಟಲಿಗಳು ಸಿಕ್ಕವು. ವಾರಂಟು ಇರಲಿಲ್ಲ.

1925ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯವು ಈ ಶೋಧನೆಯನ್ನು ಎತ್ತಿಹಿಡಿಯಿತು. ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ವಿಲಿಯಂ ಹೊವರ್ಡ್ ಟಾಫ್ಟನು ಹಿಂದೆ ರಾಷ್ಟ್ರಾಧ್ಯಕ್ಷನಾಗಿದ್ದವನು. ಆತನು ಮೊರೆಹೊಕ್ಕುದು 1789ರ ಸುಂಕದ ಕಾಯಿದೆಗೇ: ತಿದ್ದುಪಡಿಯನ್ನು ರಚಿಸಿದ ಕೈಗಳೇ ಹಡಗಿನ ಶೋಧನೆಗೆ ವಾರಂಟು ಬೇಡವೆಂದಿದ್ದರೆ, ಚಲಿಸುವ ವಸ್ತುವಿಗೂ ಸ್ಥಿರವಾದ ಮನೆಗೂ ಭೇದವುಂಟೆಂಬುದು ಅವರ ಮನಸ್ಸಿನಲ್ಲಿಯೇ ಇತ್ತೆಂದಾಯಿತು. ಕ್ಯಾರೊಲನನ್ನು ತಡೆಯುವುದಕ್ಕೆ ಮೂರು ವಾರ ಮೊದಲು, 1921ರ ನವೆಂಬರಿನಲ್ಲಿ, ವಾಸದ ಮನೆಯನ್ನು ವಾರಂಟಿಲ್ಲದೆ ಶೋಧಿಸುವ ಅಧಿಕಾರಿಯನ್ನು ಶಿಕ್ಷಿಸುವ ಶಾಸನವೊಂದು ಬಂದಿತ್ತು. ಗಾಡಿಗೆ ಅದು ಆ ರಕ್ಷಣೆಯನ್ನು ಕೊಡದೆ ಬಿಟ್ಟುದನ್ನೂ ಟಾಫ್ಟನು ಎತ್ತಿ ತೋರಿಸಿದನು.

ಆದರೆ ಈ ತೀರ್ಪಿನ ಇನ್ನೊಂದು ಮುಖ ಹಲವೊಮ್ಮೆ ಮರೆತುಹೋಗುತ್ತದೆ. ಮದ್ಯ ಸಿಕ್ಕೀತೆಂಬ ಆಸೆಯಿಂದ ದಾರಿಯ ಮೇಲಿನ ಪ್ರತಿಯೊಂದು ಗಾಡಿಯನ್ನೂ ತಡೆಯುವುದು ಅಸಹನೀಯವೆಂದು ಟಾಫ್ಟನೇ ಸ್ಪಷ್ಟಪಡಿಸಿದನು. ಶೋಧನೆಗೆ ಮೊದಲೇ, ಅಧಿಕಾರಿಗೆ ತಿಳಿದ ಸಂಗತಿಗಳಿಂದ ವಿವೇಕಿಯಾದವನು ಇದರಲ್ಲಿ ನಿಷಿದ್ಧ ವಸ್ತುವಿದೆಯೆಂದು ನಂಬುವಂತಿರಬೇಕು. ಈ ನಂಬಲರ್ಹ ಕಾರಣವೇ ಸೂತ್ರದ ಜೀವಾಳ. ಮಾಫಿ ದೊರೆತುದು ವಾರಂಟಿಗೆ, ಕಾರಣಕ್ಕೆ ಅಲ್ಲ. ಭಿನ್ನಮತ ಬರೆದ ಮೆಕ್‌ರೆನಾಲ್ಡ್ಸ್, ಅವನೊಡನೆ ಸದರ್‌ಲ್ಯಾಂಡ್, ಈ ಕಾರಣವೇ ಇಲ್ಲಿ ದುರ್ಬಲವೆಂದರು. ಸಣ್ಣ ಅಪರಾಧಕ್ಕೆ, ಅದು ಕಣ್ಣೆದುರಿಗೆ ನಡೆಯದಿದ್ದರೆ, ವಾರಂಟಿಲ್ಲದೆ ಬಂಧಿಸಬಾರದೆಂಬ ಹಳೆಯ ಆಂಗ್ಲ ನ್ಯಾಯದ ತತ್ತ್ವವನ್ನು ಅವರು ನೆನಪಿಸಿದರು. ಹಿಂದೆಂದೋ ಕಂಡ ಇಬ್ಬರು ಅದೇ ಗಾಡಿಯಲ್ಲಿ ಅದೇ ದಾರಿಯಲ್ಲಿ ಬಂದರೆಂಬುದರಿಂದ ಅಪರಾಧ ಸಿದ್ಧವಾಗುವುದೆ? ಈ ಪ್ರಶ್ನೆಯಲ್ಲಿ ತಿರುಳಿಲ್ಲವೆಂದು ನಾವು ಹೇಳಲಾರೆವು. ಬಾಟಲಿಗಳು ಸಿಕ್ಕಿರದಿದ್ದರೆ ಆ ಹರಿದ ಮೆತ್ತೆಯನ್ನು ಯಾವ ನ್ಯಾಯಾಲಯವೂ ಕಾಣುತ್ತಿರಲಿಲ್ಲ.

ಪಾನನಿರೋಧವು 1933ರ ಡಿಸೆಂಬರಿನಲ್ಲಿ ರದ್ದಾಯಿತು. ಅದರ ಮಡಿಲಲ್ಲಿ ಬೆಳೆದ ಸೂತ್ರವು ಉಳಿಯಿತು. ಉಳಿದುದಷ್ಟೇ ಅಲ್ಲ, ಅದರ ಆಧಾರವೂ ಮೆಲ್ಲನೆ ಜಾರಿತು. 1970ರ ಚೇಂಬರ್ಸ್ ತೀರ್ಪಿನಲ್ಲಿ, ಠಾಣೆಗೆ ತಂದು ನಿಲ್ಲಿಸಿದ ಗಾಡಿಯನ್ನೂ ವಾರಂಟಿಲ್ಲದೆ ಶೋಧಿಸಬಹುದೆಂದಾಯಿತು. ಓಡಲಾರದ ಗಾಡಿಯ ವಿಷಯದಲ್ಲಿ ಓಟದ ಕಾರಣವನ್ನು ಹೇಳುವುದೆಂತು? ವಾರಂಟು ಬರುವ ತನಕ ಗಾಡಿಯನ್ನು ತಡೆದಿಡುವುದೇ ಲಘುವಾದ ಉಪದ್ರವವೆಂದು ನ್ಯಾಯಾಧೀಶ ಹಾರ್ಲನನು ಅಲ್ಲಿಯೇ ಆಕ್ಷೇಪಿಸಿದನು. ಮುಂದಿನ ತೀರ್ಪುಗಳು ಮತ್ತೊಂದು ಆಧಾರವನ್ನು ಕಂಡುಕೊಂಡವು: ಎಲ್ಲರ ಕಣ್ಣಿಗೆ ಬೀಳುತ್ತ, ನೂರಾರು ನಿಯಮಗಳಿಗೆ ಒಳಪಟ್ಟು ಓಡಾಡುವ ಗಾಡಿಯಲ್ಲಿ ಖಾಸಗಿತನದ ನಿರೀಕ್ಷೆಯೇ ಕಡಿಮೆ ಎಂಬುದು. 1982ರ ರಾಸ್ ತೀರ್ಪು, ಕಾರಣವಿದ್ದಲ್ಲಿ ವಸ್ತು ಅಡಗಿರಬಹುದಾದ ಚೀಲ, ಪೆಟ್ಟಿಗೆ, ಡಿಕ್ಕಿಗಳನ್ನೆಲ್ಲ ತೆರೆಯಲು ಒಪ್ಪಿತು. 1996ರ ರೆನ್ ತೀರ್ಪು, ಸಂಚಾರದ ನಿಯಮ ನಿಜವಾಗಿಯೂ ಭಂಗವಾಗಿದ್ದರೆ ತಡೆದ ಪೊಲೀಸನ ಒಳ ಉದ್ದೇಶವನ್ನು ವಿಚಾರಿಸುವ ಅಗತ್ಯವಿಲ್ಲವೆಂದಿತು. ಸಂಚಾರದ ನಿಯಮಗಳು ಅಸಂಖ್ಯ. ಅವುಗಳಲ್ಲಿ ಒಂದನ್ನಾದರೂ ಮೀರದೆ ಬಹುದೂರ ಸಾಗುವ ಚಾಲಕನು ವಿರಳ. ಆದ್ದರಿಂದ ಈ ತೀರ್ಪಿನ ಭಾರ ಸಾಮಾನ್ಯ ಪ್ರಜೆಯ ಮೇಲೆ ಎಷ್ಟೆಂಬುದನ್ನು ಊಹಿಸಬಹುದು.

ಎದುರು ಪ್ರವಾಹವೂ ಇಲ್ಲದಿರಲಿಲ್ಲ. ಯಾವ ಶಂಕೆಯೂ ಇಲ್ಲದೆ, ಪರವಾನಗಿ ನೋಡುವ ನೆವದಿಂದ ಮನಬಂದ ಗಾಡಿಯನ್ನು ತಡೆಯಲಾಗದೆಂದು 1979ರಲ್ಲಿಯೂ, ವೇಗ ಮೀರಿದ್ದಕ್ಕೆ ಚೀಟಿ ಕೊಟ್ಟ ಮಾತ್ರಕ್ಕೆ ಗಾಡಿಯನ್ನು ಶೋಧಿಸುವ ಹಕ್ಕು ಬರದೆಂದು 1998ರಲ್ಲಿಯೂ ನ್ಯಾಯಾಲಯವು ಹೇಳಿತು. ಚಾಲಕನನ್ನು ಬಂಧಿಸಿದ ಮಾತ್ರಕ್ಕೆ ಗಾಡಿಯನ್ನು ಜಾಲಾಡುವ ರೂಢಿಗೆ 2009ರ ಗ್ಯಾಂಟ್ ತೀರ್ಪು ಕಡಿವಾಣ ಹಾಕಿತು: ಬಂಧಿತನ ಕೈ ಗಾಡಿಯ ಒಳಕ್ಕೆ ತಲುಪುವಂತಿರಬೇಕು, ಇಲ್ಲವೆ ಬಂಧನಕ್ಕೆ ಕಾರಣವಾದ ಅಪರಾಧದ ಸಾಕ್ಷ್ಯ ಅಲ್ಲಿರುವುದೆಂದು ನಂಬಲು ಆಧಾರವಿರಬೇಕು. ಚೀಟಿ ಬರೆದು ಮುಗಿದ ಮೇಲೆ, ಬೇರೆ ಶಂಕೆಯಿಲ್ಲದೆ, ನಾಯಿಯಿಂದ ಮೂಸಿಸುವುದಕ್ಕಾಗಿ ಚಾಲಕನನ್ನು ಕೆಲವು ನಿಮಿಷ ನಿಲ್ಲಿಸಿಕೊಳ್ಳುವುದೂ ತಪ್ಪೆಂದು 2015ರಲ್ಲಿ ತೀರ್ಮಾನವಾಯಿತು. ಚಾಲಕನೇ ಮನಸಾರೆ ಒಪ್ಪಿದರೆ, ಆಯುಧದ ಅಪಾಯವಿದೆಯೆಂಬ ಸಕಾರಣವಾದ ಶಂಕೆಯಿದ್ದರೆ, ಇಲ್ಲವೆ ವಶಪಡಿಸಿಕೊಂಡ ಗಾಡಿಯ ಸಾಮಾನನ್ನು ಪಟ್ಟಿ ಮಾಡಬೇಕಾದರೆ ಮಾತ ಬೇರೆ. ರಾಜ್ಯಗಳು ತಮ್ಮ ಸಂವಿಧಾನದ ಬಲದಿಂದ ಇನ್ನೂ ಹೆಚ್ಚಿನ ರಕ್ಷಣೆ ಕೊಡುವುದೂ ಉಂಟು. ನಂಬಲರ್ಹ ಕಾರಣದ ಜೊತೆಗೆ ತುರ್ತು ಪರಿಸ್ಥಿತಿಯೂ ಇರಬೇಕೆಂದು ಪೆನ್ಸಿಲ್ವೇನಿಯದ ಶ್ರೇಷ್ಠ ನ್ಯಾಯಾಲಯವು 2020ರಲ್ಲಿ ವಿಧಿಸಿತು.

ಇವೆಲ್ಲಕ್ಕಿಂತ ಚರಿತ್ರಕಾರನ ಗಮನ ಸೆಳೆಯುವುದು 2018ರ ಕಾಲಿನ್ಸ್ ತೀರ್ಪು. ಮನೆಯ ಪಕ್ಕದಲ್ಲಿ ಹೊದಿಕೆಯಡಿ ನಿಲ್ಲಿಸಿದ್ದ ಮೋಟಾರು ಸೈಕಲನ್ನು ಪೊಲೀಸನೊಬ್ಬನು ವಾರಂಟಿಲ್ಲದೆ ಅಂಗಳದೊಳಕ್ಕೆ ನಡೆದು ಪರೀಕ್ಷಿಸಿದ್ದನು. ಮನೆಯ ಆವರಣವು ಮನೆಯೇ. ವಾಹನದ ಸೂತ್ರವು ಅದರ ಗಡಿಯನ್ನು ದಾಟಲಾರದೆಂದು ಎಂಟು ಮಂದಿ ನ್ಯಾಯಾಧೀಶರು ಒಬ್ಬನ ಭಿನ್ನಮತಕ್ಕೆ ಎದುರಾಗಿ ತೀರ್ಮಾನಿಸಿದರು. ಮನೆಗೊಂದು ನ್ಯಾಯ, ಹಡಗಿಗೊಂದು ನ್ಯಾಯ ಎಂಬ 1789ರ ಗೆರೆಯು ಎರಡು ಶತಮಾನಗಳನ್ನು ದಾಟಿಯೂ ಅಳಿಸದೆ ನಿಂತಿದೆ.

ಭಾರತದ ಸಂವಿಧಾನದಲ್ಲಿ ನಾಲ್ಕನೆಯ ತಿದ್ದುಪಡಿಯಂಥ ವಿಧಿಯಿಲ್ಲ. ಆ ಕಾರಣದಿಂದಲೇ 1954ರ ಎಂ. ಪಿ. ಶರ್ಮ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅಮೆರಿಕದ ಮಾದರಿಯ ಖಾಸಗಿತನದ ಹಕ್ಕನ್ನು ಇಲ್ಲಿ ಕಾಣಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ಮಂದಿಯ ಪೀಠವು ಆ ಅಭಿಪ್ರಾಯವನ್ನು ತಳ್ಳಿಹಾಕಿತು. ಖಾಸಗಿತನವು ಮೂಲಭೂತ ಹಕ್ಕೆಂದಾದ ಮೇಲೆ, ಹೆದ್ದಾರಿಯಲ್ಲಿ ನಿಂತ ಗಾಡಿಯ ಪ್ರಶ್ನೆ ನಮ್ಮಲ್ಲಿಯೂ ಹೊಸ ಅರ್ಥವನ್ನು ಪಡೆಯದೆ ಇರದು. ಆಗ ಅಮೆರಿಕದ ಚರಿತ್ರೆಯಿಂದ ನಾವು ಕಲಿಯಬಹುದಾದುದು ಇಷ್ಟು: ತುರ್ತಿನ ಕಾರಣಕ್ಕೆ ಕೊಟ್ಟ ಸಡಿಲಿಕೆಯು ತುರ್ತು ಕಳೆದ ಮೇಲೂ ಉಳಿದುಕೊಳ್ಳುವ ಸ್ವಭಾವವುಳ್ಳದ್ದು. ಅದನ್ನು ಮಿತಿಯಲ್ಲಿಡುವುದು ಒಂದೇ ಪ್ರಶ್ನೆ: ಮೆತ್ತೆಯನ್ನು ಹರಿಯುವ ಮೊದಲು ಅಧಿಕಾರಿಗೆ ಏನು ತಿಳಿದಿತ್ತು? ಹರಿದ ಮೇಲೆ ಏನು ಸಿಕ್ಕಿತೆಂಬುದು ಅದಕ್ಕೆ ಉತ್ತರವಾಗಲಾರದು.