ಪ್ರಸವವೆಚ್ಚದ ಪೂರ್ವೋತ್ತರ

ಶಿಶುವಿನ ಆಗಮನಕ್ಕೆ ಮುಂಚೆಯೇ ಸಕಲ ಸಿದ್ಧತೆಗಳೂ ಆಗಿರತಕ್ಕದ್ದೆಂಬುದು ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರ ಮತವು. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗೃಹವನ್ನು ಕಟ್ಟಿಸಿ, ತುಪ್ಪ, ಎಣ್ಣೆ, ಜೇನು, ಸೈಂಧವಲವಣ ಮೊದಲಾದ ಪದಾರ್ಥಗಳನ್ನು ಅಲ್ಲಿ ಕೂಡಿಡಬೇಕೆಂದು ಚರಕಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ವಯಸ್ಸಾದವರೂ ಪ್ರಸವಕಾರ್ಯದಲ್ಲಿ ನಿಪುಣರೂ ಉಗುರು ಕತ್ತರಿಸಿಕೊಂಡವರೂ ಆದ ನಾಲ್ವರು ಸ್ತ್ರೀಯರು ಬಳಿಯಲ್ಲಿರಬೇಕೆಂದು ಸುಶ್ರುತನು ಹೇಳುತ್ತಾನೆ. ಇದರೊಡನೆ ಗರ್ಭಿಣಿಗೆ ತಿಂಗಳು ತಿಂಗಳಿಗೂ ಸಲ್ಲತಕ್ಕ ಹಾಲು ತುಪ್ಪಗಳ ಆಹಾರಕ್ರಮವೂ ಈ ಗ್ರಂಥಗಳಲ್ಲಿ ನಿರೂಪಿತವಾಗಿದೆ. ಇವೆಲ್ಲವೂ ಸಂಪನ್ನ ಗೃಹಸ್ಥರನ್ನು ಉದ್ದೇಶಿಸಿದ ವಿಧಿಗಳೆಂಬುದು ಸ್ಪಷ್ಟವೇ ಆಗಿದೆ. ಬಡವರ ಮನೆಗೆ ಬರುತ್ತಿದ್ದವಳು ಊರಿನ ಸೂಲಗಿತ್ತಿ. ಆಕೆಗೆ ಸಲ್ಲುವ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣಗಳು ಸಾಮಾನ್ಯವಾಗಿ ಹೆರಿಗೆಯಾದ ತರುವಾಯ ಸಲ್ಲುತ್ತಿದ್ದುವು.

ಆದರೆ ಶುಲ್ಕವನ್ನು ನಾಣ್ಯರೂಪವಾಗಿ, ಅದನ್ನೂ ಮುಂಚಿತವಾಗಿಯೇ, ಸಿದ್ಧಪಡಿಸಿಕೊಳ್ಳಬೇಕಾಗಿ ಬಂದಾಗ ಕೂಲಿಯಿಂದ ಜೀವಿಸುವ ಸಂಸಾರದಲ್ಲಿ ಆ ಹಣವು ಎಲ್ಲಿಂದ ಬರತಕ್ಕದ್ದು? ಈ ಪ್ರಶ್ನೆಗೆ ಇಂಗ್ಲೆಂಡಿನ ಚರಿತ್ರೆಯು ಚೆನ್ನಾಗಿ ಉತ್ತರ ಕೊಡುತ್ತದೆ. ಏಕೆಂದರೆ ಅಲ್ಲಿ ಈ ಸಂಗತಿಯನ್ನು ಅನುಭವಿಸಿದ ತಾಯಂದಿರೇ ಬರೆದಿಟ್ಟಿದ್ದಾರೆ.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಅನೇಕ ಸಂಸಾರಗಳು ವಾರಕ್ಕೆ ಸುಮಾರು ಒಂದು ಪೌಂಡಿನಿಂದ, ಎಂದರೆ 20 ಷಿಲ್ಲಿಂಗುಗಳ ಆಸುಪಾಸಿನ ಆದಾಯದಿಂದ, ಜೀವಿಸುತ್ತಿದ್ದುವು. ಹೆರಿಗೆಗೆ ಬರುವ ವೈದ್ಯನ ಶುಲ್ಕವಾದರೋ ಹಲವೆಡೆ ಒಂದು ಗಿನಿಯವರೆಗೂ ಏರುತ್ತಿದ್ದಿತು. ಗಿನಿಯೆಂದರೆ 21 ಷಿಲ್ಲಿಂಗು. ಒಂದು ವಾರದ ಸಂಪೂರ್ಣ ಸಂಪಾದನೆಯು ಒಂದು ರಾತ್ರಿಯ ವೈದ್ಯನಿಗೆ ಸಾಲದೆ ಹೋಗುತ್ತಿದ್ದಿತು. ಅದರ ಮೇಲೆ ಬಾಣಂತಿಯ ಆರೈಕೆಗೆ ಬರುವವಳ ಕೂಲಿ, ಮಗುವಿನ ಬಟ್ಟೆ, ಸೌದೆ ಇದ್ದಿಲುಗಳು ಬೇರೆ. ಬಡವರ ಕಾನೂನಿನ ಮೇರೆಗೆ ಧರ್ಮವೈದ್ಯನನ್ನು ಬೇಡಬಹುದಾಗಿದ್ದರೂ, ಹಾಗೆ ಬೇಡಿದವರಿಗೆ ಭಿಕ್ಷುಕರೆಂಬ ಕಳಂಕವು ತಟ್ಟುತ್ತಿದ್ದುದರಿಂದ ಮಾನವಂತರು ಅದಕ್ಕೆ ಹಿಂಜರಿಯುತ್ತಿದ್ದರು.

1883ರಲ್ಲಿ ಸ್ಥಾಪಿತವಾದ ಮಹಿಳಾ ಸಹಕಾರ ಸಂಘದ ಕಾರ್ಯದರ್ಶಿನಿಯಾಗಿದ್ದ ಮಾರ್ಗರೆಟ್ ಲೆವೆಲಿನ್ ಡೇವೀಸ್ ಎಂಬಾಕೆಯು ಸಂಘದ ಸದಸ್ಯೆಯರಿಂದ ಅವರವರ ಪ್ರಸವಾನುಭವಗಳನ್ನು ಬರೆಯಿಸಿ, ಆ ಪತ್ರಗಳಲ್ಲಿ 160ನ್ನು 1915ರಲ್ಲಿ 'ಮೆಟರ್ನಿಟಿ' ಎಂಬ ಹೆಸರಿನಿಂದ ಪ್ರಕಟಿಸಿದಳು. ಗಂಡನು ದುಡಿಯಬೇಕಾದವನು, ಮಕ್ಕಳು ಬೆಳೆಯಬೇಕಾದವರು. ಆದುದರಿಂದ ಮನೆಯಲ್ಲಿ ಊಟವನ್ನು ಕಡಮೆ ಮಾಡಿಕೊಳ್ಳುವುದಕ್ಕೆ ಉಳಿದವಳು ಗರ್ಭಿಣಿಯೊಬ್ಬಳೇ. ಬರಲಿರುವ ದಿನಕ್ಕಾಗಿ ಆಕೆಯು ಪೆನ್ನಿ ಪೆನ್ನಿಯಾಗಿ ಕೂಡಿಡುವಳು. ಅದೂ ಸಾಲದಿದ್ದರೆ ಕೊನೆಯ ದಿನದವರೆಗೂ ಪರರ ಬಟ್ಟೆ ಒಗೆಯುವಳು. ಶಿಶುವಿಗೆ ಪುಷ್ಟಿಯು ಯಾವ ತಿಂಗಳುಗಳಲ್ಲಿ ಅತ್ಯಾವಶ್ಯಕವೋ ಅದೇ ತಿಂಗಳುಗಳಲ್ಲಿ ತಾಯಿಯು ಉಪವಾಸವಿದ್ದು ವೈದ್ಯನ ಶುಲ್ಕವನ್ನು ಸಂಗ್ರಹಿಸುತ್ತಿದ್ದಳೆಂಬುದು ಆ ಪತ್ರಗಳಿಂದ ವಿದಿತವಾಗುತ್ತದೆ.

ಇದರಲ್ಲಿ ವೈದ್ಯರನ್ನೇ ದೂಷಿಸುವುದು ನ್ಯಾಯವಲ್ಲ. ಅವರಿಗೆ ಶುಲ್ಕವೇ ಜೀವನೋಪಾಯವಾಗಿದ್ದಿತು. ಮಧ್ಯರಾತ್ರಿಯಲ್ಲಿ ಎದ್ದು ಹೋಗಿ ಹೆರಿಗೆ ಮಾಡಿಸಿ ಬಂದವನಿಗೆ ಬೆಳಗಾದ ಮೇಲೆ ಹಣ ಸಲ್ಲುವುದೆಂಬ ಭರವಸೆಯು ಇರಲಿಲ್ಲ. 1902ರ ಸೂಲಗಿತ್ತಿಯರ ಶಾಸನವು ಈ ತೊಡಕನ್ನು ಮತ್ತಷ್ಟು ಪ್ರಕಟಪಡಿಸಿತು. ಅಪಾಯದ ಸಂದರ್ಭದಲ್ಲಿ ಸೂಲಗಿತ್ತಿಯು ವೈದ್ಯನಿಗೆ ಕರೆ ಕಳುಹಿಸಲೇಬೇಕೆಂಬ ನಿಯಮವುಂಟಾಯಿತು. ಕರೆಗೆ ಓಗೊಟ್ಟು ಬಂದ ವೈದ್ಯನಿಗೆ ಹಣ ಕೊಡತಕ್ಕವರು ಯಾರೆಂಬುದನ್ನು ಮಾತ್ರ ಶಾಸನವು ನಿಶ್ಚಯಿಸಲಿಲ್ಲ. ಈ ಲೋಪವು ತಿದ್ದಲ್ಪಟ್ಟುದು 1918ರಲ್ಲಿ. ಅಂದಿನಿಂದ ಸ್ಥಳೀಯಾಧಿಕಾರಿಗಳು ವೈದ್ಯನಿಗೆ ಮೊದಲು ಶುಲ್ಕವನ್ನು ಸಲ್ಲಿಸಿ, ಶಕ್ತಿಯಿದ್ದ ಮನೆಯವರಿಂದ ಅನಂತರ ವಸೂಲು ಮಾಡುವ ಪದ್ಧತಿಯು ಬಂದಿತು. ಹದಿನಾರು ವರ್ಷಗಳ ಕಾಲ ಒಂದು ಸಣ್ಣ ಮೊಬಲಗಿನ ಸಂದೇಹವು ಪ್ರಾಣಾಪಾಯದಲ್ಲಿದ್ದವಳಿಗೂ ವೈದ್ಯನಿಗೂ ನಡುವೆ ನಿಂತಿದ್ದಿತು.

ಈ ಮಧ್ಯೆ 1911ರ ರಾಷ್ಟ್ರೀಯ ವಿಮಾ ಶಾಸನವು ವಿಮೆಗೆ ಒಳಪಟ್ಟ ಕಾರ್ಮಿಕನ ಹೆಂಡತಿಯ ಹೆರಿಗೆಗೆ 30 ಷಿಲ್ಲಿಂಗುಗಳನ್ನು ಗೊತ್ತುಮಾಡಿತು. ಆದರೆ ಮೊದಲು ಆ ಹಣವು ಗಂಡನ ಹಕ್ಕಾಗಿದ್ದಿತು. ಸಂಘದ ಸ್ತ್ರೀಯರು ಬಹಳವಾಗಿ ವಾದಿಸಿದುದರ ಫಲವಾಗಿ 1913ರ ತಿದ್ದುಪಡಿಯಿಂದ ಅದು ತಾಯಿಯ ಸ್ವಂತ ಸ್ವತ್ತಾಯಿತು. ಆದರೂ ಹೆರಿಗೆಯಾದ ಮೇಲೆ ಬರುವ ಹಣವು ಹೆರಿಗೆಗೆ ಮುಂಚಿನ ಉಪವಾಸವನ್ನು ತಪ್ಪಿಸಲಾರದಷ್ಟೆ! ಗರ್ಭಾವಸ್ಥೆಯಲ್ಲಿಯೇ ಸಹಾಯವು ದೊರೆಯಬೇಕೆಂದು ಸಂಘವು ಕೇಳಿದುದಕ್ಕೆ ಇದೇ ಕಾರಣವು. ವೇತನ ಪಡೆಯುವ ಸೂಲಗಿತ್ತಿಯರು 1936ರ ಶಾಸನದಿಂದ ಏರ್ಪಟ್ಟರು. ಕಡೆಗೆ 1948ನೆಯ ಜುಲೈ 5ನೆಯ ತಾರೀಖು ರಾಷ್ಟ್ರೀಯ ಆರೋಗ್ಯಸೇವೆಯು ಪ್ರಾರಂಭವಾಗಲು, ಶುಲ್ಕದ ಪ್ರಶ್ನೆಯೇ ಆ ದೇಶದಲ್ಲಿ ಬಗೆಹರಿಯಿತು. ಅಂದು ಮಧ್ಯರಾತ್ರಿ ಕಳೆದ ಒಂದು ನಿಮಿಷಕ್ಕೆ ವೇಲ್ಸ್ ಪ್ರಾಂತದ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಅದರ ತಾಯಿತಂದೆಗಳು ಈ ಸೇವೆಯ ಪ್ರವರ್ತಕನಾದ ಸಚಿವ ಅನ್ಯೂರಿನ್ ಬೆವನನ ಹೆಸರನ್ನು ಅನುಸರಿಸಿಯೇ ನಾಮಕರಣ ಮಾಡಿದರು.

ಇದೇ ವಿಚಾರವು ಇಂಗ್ಲೆಂಡಿನಾಚೆಗೂ ಹರಡಿತು. 1919ರ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯು ಹೆರಿಗೆಗೆ ಆರು ವಾರ ಮುಂಚಿನಿಂದಲೇ ಕಾರ್ಮಿಕಸ್ತ್ರೀಗೆ ವಿರಾಮವನ್ನೂ ಜೀವನಕ್ಕೆ ಬೇಕಾದ ದ್ರವ್ಯವನ್ನೂ ಗೊತ್ತುಪಡಿಸಿತು; ದಿನವನ್ನು ಎಣಿಸುವುದರಲ್ಲಿ ವೈದ್ಯನು ತಪ್ಪಿದರೂ ಆಕೆಗೆ ನಷ್ಟವಾಗಕೂಡದೆಂದು ಹೇಳಿತು. 1928ರಲ್ಲಿ ಮುಂಬಯಿಯ ಶಾಸನಸಭೆಗೆ ಪ್ರಸೂತಿ ಸೌಲಭ್ಯದ ಮಸೂದೆಯು ಬಂದಾಗ ಡಾಕ್ಟರ್ ಅಂಬೇಡ್ಕರರು ಅದನ್ನು ಬೆಂಬಲಿಸಿ, ಹೆರಿಗೆಗೆ ಹಿಂದೆಯೂ ಮುಂದೆಯೂ ತಾಯಿಗೆ ವಿಶ್ರಾಂತಿಯಿರುವುದು ರಾಷ್ಟ್ರದ ಹಿತವೆಂದೂ, ಅದರ ಭಾರವನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕಾದುದು ನ್ಯಾಯವೆಂದೂ ವಾದಿಸಿದರು. ಮುಂಬಯಿಯಲ್ಲಿ 1929ರಲ್ಲಿಯೂ ಮೈಸೂರು ಸಂಸ್ಥಾನದಲ್ಲಿ 1937ರಲ್ಲಿಯೂ ಇಂತಹ ಶಾಸನಗಳಾದುವು. ಸ್ವತಂತ್ರ ಭಾರತದ 1961ರ ಶಾಸನವು ಮತ್ತೊಂದು ಹೆಜ್ಜೆಯನ್ನು ಮುಂದಿಟ್ಟು, ಹೆರಿಗೆಗೆ ಹಿಂದಿನ ವಾರಗಳಿಗೆ ಸಲ್ಲತಕ್ಕ ಹಣವನ್ನು ಒಡೆಯನು ಮುಂಗಡವಾಗಿಯೇ ಕೊಡಬೇಕೆಂದು ವಿಧಿಸಿತು. ಉಚಿತವಾದ ಆರೈಕೆಯನ್ನು ಏರ್ಪಡಿಸದ ಒಡೆಯನು ವೈದ್ಯವೆಚ್ಚಕ್ಕೆಂದು 25 ರೂಪಾಯಿಗಳನ್ನು ಸೇರಿಸಿ ಕೊಡತಕ್ಕದ್ದೆಂದಿತು. ಹೀಗೆ ತಾಯಿಯು ತೆರುತ್ತಿದ್ದ ಮುಂಗಡವು ತಾಯಿಗೆ ಸಲ್ಲುವ ಮುಂಗಡವಾಗಿ ಪರಿಣಮಿಸಿತು.

ಆದರೆ ಈ ಶಾಸನವು ಕಾರ್ಖಾನೆ, ಗಣಿ, ತೋಟ ಮೊದಲಾದ ಕೆಲವು ಕೆಲಸದ ಸ್ಥಳಗಳಿಗೆ ಮಾತ್ರ ಅನ್ವಯಿಸಿತು. ಹೊಲದಲ್ಲಿ ಕಳೆ ಕೀಳುವವಳೂ ಪರರ ಮನೆಯಲ್ಲಿ ಪಾತ್ರೆ ತೊಳೆಯುವವಳೂ ಅದರ ನೆರಳಿನಿಂದ ಹೊರಗುಳಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯು ಸಂಪೂರ್ಣವಾಗಿ ಉಚಿತವಾಗಿರಬೇಕೆಂಬ ಯೋಜನೆಯು 2011ರಲ್ಲಿಯೂ, ಚೊಚ್ಚಲ ಬಸುರಿಯರಿಗೆ 5,000 ರೂಪಾಯಿಗಳನ್ನು ಕಂತುಗಳಲ್ಲಿ, ಮೊದಲ ಕಂತನ್ನು ಹೆರಿಗೆಗೆ ಮುಂಚೆಯೇ, ಕೊಡುವ ಯೋಜನೆಯು 2017ರಲ್ಲಿಯೂ ಬಂದುದು ಇಂತಹವರಿಗಾಗಿ.

ಹೆರಿಗೆಗೆ ಹಣವನ್ನು ಮುಂಚಿತವಾಗಿ ಒದಗಿಸಿಕೊಳ್ಳುವುದು ವಿವೇಕವೇ ಸರಿ. ಸಿದ್ಧತೆಯಿಲ್ಲದ ಮನೆಯು ನಡುರಾತ್ರಿಯಲ್ಲಿ ಪರದಾಡಬೇಕಾಗುವುದು. ಆದರೆ ಹಾಗೆ ಕೂಡಿಟ್ಟ ಹಣವು ಯಾರ ಊಟದಿಂದ ಉಳಿದುದೆಂಬುದನ್ನು ಮನೆಯ ಹಿರಿಯರು ವಿಚಾರಿಸತಕ್ಕದ್ದು. ಸೂತಿಕಾಗೃಹದಲ್ಲಿ ಕೂಡಿಡಬೇಕಾದ ಪದಾರ್ಥಗಳನ್ನು ಅಷ್ಟು ವಿವರವಾಗಿ ಎಣಿಸಿದ ಶಾಸ್ತ್ರಕಾರನು ಗರ್ಭಿಣಿಗೆ ಸಲ್ಲಬೇಕಾದ ಹಾಲು ತುಪ್ಪಗಳನ್ನು ಅದಕ್ಕೂ ಮೊದಲೇ ಹೇಳಿದ್ದಾನೆ.